ಆಯಿಲ್ ಕ್ಯಾಪ್ ಕೆಳಗೆ ಹಳದಿ ಬೆಣ್ಣೆ: ಹೆಡ್ ಬಿಚ್ಚಿಸೋ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಾನು ತಮಿಳುನಾಡಿನ ಹೊಸೂರು ಕಡೆಯ ತಳಿ ಅನ್ನೋ ಊರಿನ ಹತ್ತಿರದ ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ನನ್ನದು 2014ರ ಪೆಟ್ರೋಲ್ ಕಾರು. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು, 68,000 ಕಿ.ಮೀ. ಓಡಿದೆ. ಮನೆಯಿಂದ ಶಾಲೆಗೆ ಮೂರೂವರೆ ಕಿಲೋಮೀಟರ್, ಸಂಜೆ ಅದೇ ದಾರಿಯಲ್ಲಿ ವಾಪಸ್. ಡಿಸೆಂಬರ್ ಶುರುವಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಡೆ ಹಳದಿ ಬೆಣ್ಣೆ ಥರ ಏನೋ ಮೆತ್ತಿಕೊಂಡಿದೆ. ಮೆಕ್ಯಾನಿಕ್ ನೋಡಿದ ತಕ್ಷಣ ‘ಹೆಡ್ ಗ್ಯಾಸ್ಕೆಟ್ ಪೋಚ್ಚು’ (ಹೋಯ್ತು) ಅಂದರು. 35,000 ರೂಪಾಯಿ ಆಗುತ್ತಂತೆ. ಅಣ್ಣ ಆಯಿಲೇ ಡೂಪ್ಲಿಕೇಟ್ ಅಂತಾನೆ. ಪಕ್ಕದ ಮನೆಯವರು ‘ಚಳಿಗೆ ಹಾಗಾಗುತ್ತೆ, ಸುಮ್ನಿರಿ’ ಅಂತಾರೆ. ಯಾರ ಮಾತು ಕೇಳಲಿ ಸಾರ್? ಅಲ್ಲಿವರೆಗೆ ಗಾಡಿ ಓಡಿಸಬಹುದಾ?

ಉತ್ತರ: ಟೀಚರಮ್ಮ, ಮೂವರಲ್ಲಿ ಪಕ್ಕದ ಮನೆಯವರ ಮಾತೇ ನಿಜ ಇರೋ ಸಾಧ್ಯತೆ ಜಾಸ್ತಿ. ಆದರೆ ಅವರ ‘ಸುಮ್ನಿರಿ’ ಒಂದನ್ನು ಮಾತ್ರ ಒಪ್ಪಬೇಡಿ. ಹೆಡ್ ಬಿಚ್ಚೋದಕ್ಕೂ ಈಗಲೇ ಒಪ್ಪಬೇಡಿ. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ; ಅದರ ಕೆಳಗೆ, ಇಂಜಿನ್ ತಣಿಸೋ ಕೂಲೆಂಟ್ ದ್ರವ ಆಯಿಲ್‌ಗೆ ಬೆರೆಯದ ಹಾಗೆ ತಡೆಯೋ ತೆಳು ಹಾಳೆಯೇ ಗ್ಯಾಸ್ಕೆಟ್. ನೀವು ಬರೆದಿರೋದರಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಬೆಣ್ಣೆ ಅಲ್ಲ, ಮೂರೂವರೆ ಕಿಲೋಮೀಟರ್ ಅನ್ನೋ ಮಾತು.

ಅನ್ನ ಬೇಯುವಾಗ ಪಾತ್ರೆಯ ತಟ್ಟೆ ಎತ್ತಿದರೆ ಕೆಳಗಡೆ ನೀರಿನ ಹನಿ ಇರುತ್ತೆ ಅಲ್ವಾ? ನಿಮ್ಮ ಇಂಜಿನ್ನಿನಲ್ಲಿ ಆಗ್ತಿರೋದು ಅದೇ. ಪೆಟ್ರೋಲ್ ಉರಿದರೆ ಹೊಗೆಯ ಜೊತೆ ನೀರೂ ಹುಟ್ಟುತ್ತೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು. ಕೇಳಿದವರು ನಂಬೋದಿಲ್ಲ, ಆದರೆ ಲೆಕ್ಕ ಅದೇ. ಬಹುಪಾಲು ಸೈಲೆನ್ಸರ್‌ನಲ್ಲಿ ಆವಿಯಾಗಿ ಹೋಗುತ್ತೆ. ಬೆಳಿಗ್ಗೆ ಸೈಲೆನ್ಸರ್ ತುದಿಯಲ್ಲಿ ತೊಟ್ಟಿಕ್ಕೋದು ಅದೇ ನೀರು. ಸ್ವಲ್ಪ ಭಾಗ ಮಾತ್ರ ಪಿಸ್ಟನ್ ರಿಂಗ್ ಸಂದಿಯಿಂದ ಜಾರಿ ಕೆಳಗೆ ಆಯಿಲ್ ಇರೋ ಜಾಗಕ್ಕೆ ಬರುತ್ತೆ. ಹೊಸ ಇಂಜಿನ್‌ನಲ್ಲೂ ಬರುತ್ತೆ. ಆಯಿಲ್ ಚೆನ್ನಾಗಿ ಕಾದಿದ್ದರೆ ಈ ನೀರು ಆವಿಯಾಗಿ, ಬ್ರೀದರ್ ಪೈಪು ಮತ್ತು ಆವಿ ಹೊರಗೆ ಬಿಡೋ ಪಿಸಿವಿ ವಾಲ್ವ್ ಮೂಲಕ ಮತ್ತೆ ಸಿಲಿಂಡರ್ ಒಳಗೇ ಹೋಗಿ, ಹೊಗೆಯ ಜೊತೆ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತೆ. ಕಾಯದಿದ್ದರೆ ಎಲ್ಲಿ ತಣ್ಣಗಿದೆಯೋ ಅಲ್ಲಿ ಕೂರುತ್ತೆ. ಬಾನೆಟ್ ಕೆಳಗೆ ಗಾಳಿಗೆ ಒಡ್ಡಿಕೊಂಡು ತಣ್ಣಗಿರೋ ಜಾಗ ಯಾವುದು ಅಂದರೆ ಆ ಪ್ಲಾಸ್ಟಿಕ್ ಮುಚ್ಚಳ. ಅಲ್ಲಿ ನೀರಿಗೆ ಆಯಿಲ್ ಸಿಡಿದು, ಮಜ್ಜಿಗೆ ಕಡೆದ ಹಾಗೆ ಕಡೆದು ನಿಮ್ಮ ಹಳದಿ ಬೆಣ್ಣೆ ಆಗಿದೆ.

ಧನುರ್ಮಾಸದಲ್ಲಿ ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಬೆಳಗಿನ ಚಳಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ತಳಿಗೆ ಬ್ರಿಟಿಷರು ‘ಲಿಟಲ್ ಇಂಗ್ಲೆಂಡ್’ ಅಂತ ಸುಮ್ನೆ ಕರೆದಿರಲಿಲ್ಲ. ಆ ಚಳಿಯಲ್ಲಿ ಮೂರೂವರೆ ಕಿಲೋಮೀಟರ್ ಅಂದರೆ ಎಂಟು-ಹತ್ತು ನಿಮಿಷ. ಅಷ್ಟರಲ್ಲಿ ಕೂಲೆಂಟ್ ಬೆಚ್ಚಗಾಗಿ ಡ್ಯಾಶ್‌ಬೋರ್ಡಿನ ನೀಲಿ ದೀಪ ಆರಿರುತ್ತೆ. ನಾವು ಇಂಜಿನ್ ಕಾದಿದೆ ಅಂದುಕೊಳ್ತೀವಿ. ಆದರೆ ಆ ದೀಪ ಹೇಳೋದು ಕೂಲೆಂಟ್ ವಿಷಯ. ಇಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್‌ನಲ್ಲಿರೋ ಮೂರು-ಮೂರೂವರೆ ಲೀಟರ್ ಆಯಿಲ್ ಅದರ ಹಿಂದೆ ನಿಧಾನಕ್ಕೆ ಕಾಯುತ್ತೆ. ನೀರು ಓಡಿಸುವಷ್ಟು ಬಿಸಿ, ಅಂದರೆ 90 ಡಿಗ್ರಿ ಆಸುಪಾಸು ಬರೋಕೆ ಇಪ್ಪತ್ತು-ಮೂವತ್ತು ನಿಮಿಷ ಓಡಬೇಕು. ನೀವು ಅಷ್ಟರಲ್ಲಿ ಹಾಜರಿ ತಗೊಂಡು ಮುಗಿಸಿರ್ತೀರಿ. ಸಂಜೆ ಮತ್ತೆ ಅದೇ ಕತೆ. ದಿನಕ್ಕೆ ಎರಡು ಸಲ ನೀರು ಸೇರುತ್ತೆ, ಒಂದು ಸಲವೂ ಹೊರಗೆ ಹೋಗೋದಿಲ್ಲ.

ಹಾಗಂತ ಮೆಕ್ಯಾನಿಕ್ ಹೇಳಿದ್ದು ಸುಳ್ಳು ಅಂತ ಇಲ್ಲಿ ಕೂತು ನಾನು ಹೇಳೋಕಾಗಲ್ಲ. ಗ್ಯಾಸ್ಕೆಟ್ ಹೋದರೂ ಕ್ಯಾಪ್ ಕೆಳಗೆ ಇದೇ ಬಣ್ಣ, ಇದೇ ಬೆಣ್ಣೆ. ನೀರು ಬಂದಿದೆ ಅಂತಷ್ಟೇ ಕ್ಯಾಪ್ ಹೇಳುತ್ತೆ. ಎಲ್ಲಿಂದ ಬಂತು ಅಂತ ಬೇರೆ ಕಡೆ ಕೇಳಬೇಕು. ಆ ಕೆಲಸಕ್ಕೆ ಗ್ಯಾರೇಜೇ ಬೇಕು ಅಂತೇನಿಲ್ಲ, ಅರ್ಧದಷ್ಟು ನಿಮ್ಮ ಮನೆ ಮುಂದೆಯೇ ಆಗುತ್ತೆ.

ಮೊದಲು ಕೂಲೆಂಟ್ ಡಬ್ಬಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಕೂಲೆಂಟ್ ಎಲ್ಲಿವರೆಗೆ ಇದೆಯೋ ಅಲ್ಲಿ ಪರ್ಮನೆಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಹಾಕಿ. ಹತ್ತು ದಿನ ಬಿಟ್ಟು ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ ನೋಡಿ. ಗೆರೆಗೆ ಸರಿಯಾಗಿ ಇದ್ದರೆ ಆಯಿಲ್‌ಗೆ ಸೇರಿರೋ ನೀರು ಕೂಲೆಂಟಿನದಲ್ಲ ಅಂತ ಮುಕ್ಕಾಲು ಪಾಲು ನಂಬಬಹುದು. ಬೆರಳಗಲ ಇಳಿದಿದ್ದು, ನೆಲದ ಮೇಲೂ ಪೈಪಿನ ಜಾಯಿಂಟ್‌ನಲ್ಲೂ ಸೋರಿದ ಗುರುತು ಇಲ್ಲದಿದ್ದರೆ ಅದು ಒಳಗೇ ಎಲ್ಲೋ ಹೋಗ್ತಿದೆ. ಡಬ್ಬಿಯ ಕೂಲೆಂಟ್ ಮೇಲೆ ಆಯಿಲ್ ಜಿಡ್ಡು ತೇಲುತ್ತಿದೆಯಾ ಅಂತಲೂ ನೋಡಿ. ಬಿಸಿ ಇದ್ದಾಗ ಮಾತ್ರ ಡಬ್ಬಿಯನ್ನಾಗಲಿ ರೇಡಿಯೇಟರ್ ಕ್ಯಾಪನ್ನಾಗಲಿ ಖಂಡಿತ ತೆರೆಯಬೇಡಿ. ಮುಖಕ್ಕೆ ಎಗರುತ್ತೆ.

ಎರಡನೆಯದು ಡಿಪ್‌ಸ್ಟಿಕ್, ಆಯಿಲ್ ಮಟ್ಟ ನೋಡೋ ಕಡ್ಡಿ. ಇಲ್ಲಿ ಒಂದು ಸೂಕ್ಷ್ಮ ಇದೆ, ನಮ್ಮ ಗ್ಯಾರೇಜ್ ಹುಡುಗರೂ ಇಲ್ಲಿ ತಪ್ಪುತ್ತಾರೆ. ಕಡ್ಡಿಯ ಮೇಲ್ಭಾಗದಲ್ಲೂ ಚಳಿಗೆ ಇದೇ ಹಳದಿ ಮೆತ್ತಿಕೊಂಡಿರಬಹುದು, ಯಾಕಂದರೆ ಆ ಕೊಳವೆಯೂ ತಣ್ಣಗಿರೋ ಜಾಗವೇ. ಅದನ್ನು ನೋಡಿ ಹೆದರಬೇಡಿ. ಕಡ್ಡಿ ಪೂರ್ತಿ ಒರೆಸಿ, ಮತ್ತೆ ಅದ್ದಿ ತೆಗೆದು, ಗುರುತುಗಳಿರೋ ಕೆಳತುದಿ ಮಾತ್ರ ನೋಡಿ. ಬಿಳಿ ಟಿಶ್ಯೂ ಮೇಲೆ ಒತ್ತಿ. ಜೇನಿನ ಬಣ್ಣ, ಕಂದು, ಕಪ್ಪು, ಯಾವುದಾದರೂ ಸರಿ. ಕಪ್ಪಾಗೋದು ಆಯಿಲ್ ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು. ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಬಂದರೆ ಸಂಪ್ ತುಂಬ ನೀರು ಬೆರೆತಿದೆ ಅಂತ ಅರ್ಥ. ಆಮೇಲೆ ಗಾಡಿ ಸ್ಟಾರ್ಟ್ ಮಾಡಬೇಡಿ. ‘ಹೊಸೂರಿನವರೆಗೆ ನಿಧಾನಕ್ಕೆ ಓಡಿಸ್ಕೊಂಡು ಬರ್ತೀನಿ’ ಅನ್ನಬೇಡಿ, ಕಟ್ಟಿ ಎಳೆಸಿ. ಕೂಲೆಂಟ್‌ನಲ್ಲಿರೋ ಗ್ಲೈಕಾಲ್ ಆಯಿಲ್ ಜೊತೆ ಸೇರಿ ಗಂಜಿಯಾಗುತ್ತೆ, ಫಿಲ್ಟರ್ ಕಟ್ಟುತ್ತೆ, ಬೇರಿಂಗ್ ತಿನ್ನುತ್ತೆ. ಆಗ 35,000 ಕಡಿಮೆ ಅನಿಸೋಕೆ ಶುರುವಾಗುತ್ತೆ.

ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿದೆಯಾ ಅಂತಲೂ ನೋಡಿ. ಆಯಿಲ್ ಕಡಿಮೆಯಾದರೆ ಎಲ್ಲರೂ ಗಾಬರಿಯಾಗ್ತಾರೆ, ಜಾಸ್ತಿಯಾದರೆ ಯಾರೂ ಕೇಳಲ್ಲ. ನೀವು ಹಾಕದೇ ಮೇಲಿನ ಗುರುತು ದಾಟಿದ್ದರೆ ಏನೋ ಬಂದು ಸೇರ್ತಿದೆ. ಅದು ನೀರೇ ಆಗಬೇಕಿಲ್ಲ, ಪೆಟ್ರೋಲೂ ಆಗಬಹುದು. ತಣ್ಣಗಿರುವ ಇಂಜಿನ್‌ಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಸಿಂಪಡಿಸಬೇಕು, ಆಗಲೇ ಅದು ಹತ್ತಿಕೊಳ್ಳೋದು. ಉರಿಯದೇ ಉಳಿದದ್ದು ಸಿಲಿಂಡರ್ ಗೋಡೆ ತೊಳೆದುಕೊಂಡು ಸಂಪ್‌ಗೆ ಇಳಿಯುತ್ತೆ. ಕಡ್ಡಿ ಮೂಸಿ ನೋಡಿ, ಪೆಟ್ರೋಲ್ ಬಂಕಿನ ವಾಸನೆ ಘಾಟಾಗಿ ಬಂದರೆ ಅದೇ. ಬೆರಳ ಮಧ್ಯೆ ಉಜ್ಜಿದರೆ ಜಿಡ್ಡಿಲ್ಲದೆ ನೀರುನೀರಾಗಿರುತ್ತೆ. ನಿಮ್ಮ ಶಾಲೆಯ ಲ್ಯಾಬಿನಲ್ಲಿ ಫಿಲ್ಟರ್ ಪೇಪರ್ ಇರಬೇಕಲ್ಲ, ಒಂದು ತಗೊಳ್ಳಿ. ಲೋಟದ ಬಾಯಿ ಮೇಲಿಟ್ಟು ಕಡ್ಡಿಯಿಂದ ಒಂದೇ ಹನಿ ಬಿಡಿ, ಕೆಲವು ಗಂಟೆ ಹಾಗೇ ಇರಲಿ. ಆರೋಗ್ಯವಾಗಿರೋ ಆಯಿಲ್ ನಿಧಾನಕ್ಕೆ, ಒಂದೇ ಸಮನಾಗಿ ಹರಡುತ್ತೆ. ಪೆಟ್ರೋಲ್ ಬೆರೆತಿದ್ದರೆ ಕಪ್ಪು ಬೊಟ್ಟಿನ ಸುತ್ತ ತಿಳಿಯಾದ ಅಗಲ ಉಂಗುರ ಮೂಡುತ್ತೆ. ಇದು ಲ್ಯಾಬ್ ರಿಪೋರ್ಟ್ ಅಲ್ಲ, ಅನುಮಾನಕ್ಕೆ ದಾರಿ ಅಷ್ಟೇ. ಎಂಟನೇ ಕ್ಲಾಸಿನ ಮಕ್ಕಳಿಗೂ ತೋರಿಸಬಹುದು.

ಮೂರನೆಯದು ಅಡುಗೆಮನೆ ಪರೀಕ್ಷೆ. ಹಳೆಯ ತವಾ ಒಂದನ್ನು ಅಂಗಳದಲ್ಲಿಟ್ಟು ಕಾಯಿಸಿ. ನೀರು ಚಿಮುಕಿಸಿದರೆ ಚುರ್ ಅಂದು ಆರುವಷ್ಟು ಕಾದರೆ ಸಾಕು. ಒಲೆ ಆರಿಸಿ, ತವಾ ಒಣಗಿದ ಮೇಲೆ, ಡಿಪ್‌ಸ್ಟಿಕ್ ತುದಿಯಿಂದ ಒಂದು-ಎರಡು ಹನಿ ಆಯಿಲ್ ಬಿಡಿ. ಒಳ್ಳೆ ಆಯಿಲ್ ಸುಮ್ನೆ ಹರಡಿ ಸ್ವಲ್ಪ ಹೊಗೆಯಾಡುತ್ತೆ. ನೀರಿದ್ದರೆ ಒಗ್ಗರಣೆಗೆ ಒದ್ದೆ ಕರಿಬೇವು ಬಿದ್ದ ಹಾಗೆ ಚಟಪಟ ಸಿಡಿಯುತ್ತೆ. ಮುಖ ದೂರ ಇಟ್ಟುಕೊಳ್ಳಿ, ಕನ್ನಡಕ ಹಾಕಿಕೊಳ್ಳಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಕ್ಯಾಪ್ ಕೆಳಗಿನ ಬೆಣ್ಣೆ ತೆಗೆದು ತವಾಗೆ ಹಾಕಬೇಡಿ. ಅದರಲ್ಲಿ ನೀರಿದೆ ಅಂತ ಗೊತ್ತೇ ಇದೆ, ಅದು ಸಿಡಿದೇ ಸಿಡಿಯುತ್ತೆ. ಆ ತವಾದಲ್ಲಿ ಮತ್ತೆ ದೋಸೆ ಮಾತ್ರ ಹಾಕಬೇಡಿ.

ನಾನೂ ಈ ವಿಷಯದಲ್ಲಿ ಎರಡು ಸಲ ಮುಗ್ಗರಿಸಿದ್ದೀನಿ. ಎರಡೂ ಬೇರೆ ಬೇರೆ ದಿಕ್ಕಿಗೆ. ಗ್ಯಾರೇಜ್ ಇಟ್ಟ ಹೊಸದರಲ್ಲಿ ಒಬ್ಬರು ಡಾಕ್ಟರ್ ಜನವರಿಯಲ್ಲಿ ಗಾಡಿ ತಂದರು. ಮನೆಯಿಂದ ಕ್ಲಿನಿಕ್‌ಗೆ ಎರಡು ಕಿಲೋಮೀಟರ್. ಕ್ಯಾಪ್ ತುಂಬ ಬೆಣ್ಣೆ. ನಾನು ಬೇರೇನೂ ನೋಡದೆ ಹೆಡ್ ಬಿಚ್ಚಿದೆ. ಗ್ಯಾಸ್ಕೆಟ್ ಕೈಯಲ್ಲಿ ಹಿಡಿದುಕೊಂಡು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಕಡೆಯೂ ಸುಟ್ಟಿಲ್ಲ, ಒಂದು ಕಡೆಯೂ ನೀರು ದಾಟಿದ ಗುರುತಿಲ್ಲ. ಹೊಸ ಗ್ಯಾಸ್ಕೆಟ್, ಲೇತ್ ಅಂಗಡಿಯಲ್ಲಿ ಹೆಡ್‌ನ ಮೈ ಸಮ ಮಾಡೋ ಫೇಸಿಂಗ್, ಎಲ್ಲ ನನ್ನ ಕೈಯಿಂದ ಹೋಯಿತು. ಹತ್ತು ದಿನಕ್ಕೆ ಅದೇ ಗಾಡಿ, ಅದೇ ಬೆಣ್ಣೆ ಹೊತ್ತುಕೊಂಡು ವಾಪಸ್ ಬಂತು.

ಆ ಪಾಠ ಜಾಸ್ತಿಯೇ ಕಲಿತುಬಿಟ್ಟೆ ಅನ್ನಬೇಕು. ಕೆಲವು ವರ್ಷದ ಮೇಲೆ ಒಬ್ಬ ಗುಲಾಬಿ ವ್ಯಾಪಾರಿ ಡೀಸೆಲ್ ಗಾಡಿ ತಂದ. ದಿನಾ ನಸುಕಿಗೆ ಹೂವಿನ ಲೋಡ್ ಹಾಕಿಕೊಂಡು ಬೆಂಗಳೂರಿಗೆ ಹೋಗಿ ಬರೋ ಗಾಡಿ. ಕ್ಯಾಪ್ ಕೆಳಗೆ ಹಳದಿ. ‘ಚಳಿಗೆ ಕಣಪ್ಪ, ಶಿವರಾತ್ರಿ ಕಳೆದರೆ ಸರಿಹೋಗುತ್ತೆ’ ಅಂತ ಒರೆಸಿ ಕಳಿಸಿದೆ. ಶಿವಶಿವ ಅಂತ ಚಳಿ ಹೋಯಿತು, ಬೆಣ್ಣೆ ಹೋಗಲಿಲ್ಲ. ಒಳಗೆ ಆಯಿಲ್ ಕೂಲರ್ ತೂತಾಗಿತ್ತು. ಆಯಿಲೂ ಕೂಲೆಂಟೂ ಅಕ್ಕಪಕ್ಕ ಹರಿಯೋ ಜಾಗ ಅದು. ಕ್ರ್ಯಾಂಕ್ ಬೇರಿಂಗ್ ಹೋದ ಮೇಲೆ ಗೊತ್ತಾಯಿತು. ನಾನು ಕೇಳಬೇಕಿದ್ದದ್ದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ದೂರ ಓಡಿಸ್ತೀಯಪ್ಪ? ಗಂಟೆಗಟ್ಟಲೆ ಓಡಿ ಕಾದ ಇಂಜಿನ್‌ನಲ್ಲಿ ಚಳಿಯ ನೀರು ಹಾಗೆ ಉಳಿಯೋದಿಲ್ಲ. ದೂರ ಓಡೋ ಗಾಡಿಯ ಬೆಣ್ಣೆ ಬೇರೆ, ಹತ್ತಿರ ಓಡೋ ಗಾಡಿಯ ಬೆಣ್ಣೆ ಬೇರೆ. ನಿಮ್ಮ ಕಾಗದದಲ್ಲಿ ಆ ಮೂರೂವರೆ ಕಿಲೋಮೀಟರ್ ಕಂಡಾಗ ನನಗೆ ಅರ್ಧ ಸಮಾಧಾನವಾಗಿದ್ದು ಇದಕ್ಕೇ.

ಹಾಗಾಗಿ ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಡಿಪ್‌ಸ್ಟಿಕ್ ಮತ್ತು ಕೂಲೆಂಟ್ ಸರಿ ಇದ್ದರೆ ಮಾತ್ರ ಇದು. ಕ್ಯಾಪ್ ಒಳಗಡೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹೊಸೂರಿಗೆ ಬನ್ನಿ, ಚಂದ್ರಚೂಡೇಶ್ವರನ ಬೆಟ್ಟ ಹತ್ತಿ ಕೈಮುಗಿದು ವಾಪಸ್ ಹೋಗಿ. ಹೋಗೋಕೆ ಅರ್ಧ-ಮುಕ್ಕಾಲು ಗಂಟೆ, ಬರೋಕೆ ಅಷ್ಟೇ. ಆಯಿಲ್ ಕಾದು ನೀರು ಹೊರಗೆ ಹೋಗೋಕೆ ಸಾಕು. ಮನೆಗೆ ಹೋಗಿ ಇಂಜಿನ್ ತಣಿದ ಮೇಲೆ ಕ್ಯಾಪ್ ತೆಗೆದು ನೋಡಿ. ಸ್ವಚ್ಛವಾಗಿದ್ದು, ಮತ್ತೆ ಶಾಲೆಗೆ ಹೋಗಿಬಂದು ನಾಲ್ಕೈದು ದಿನಕ್ಕೆ ಸ್ವಲ್ಪ ಸ್ವಲ್ಪ ಬಂದರೆ ಅದು ಚಳಿಯ ನೀರು. ದೂರ ಓಡಿದ ಮೇಲೂ ದಪ್ಪಗೆ ಕೂತಿದ್ದರೆ ಮೆಕ್ಯಾನಿಕ್ ಮಾತಿಗೆ ಬೆಲೆ ಬರುತ್ತೆ.

ಮನೆ ಮುಂದೆ ನಿಲ್ಲಿಸಿ ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟರೆ ಆಗಲ್ವಾ ಅಂತ ಬಹಳ ಜನ ಕೇಳ್ತಾರೆ. ಬೇಡ. ಐಡಲ್‌ನಲ್ಲಿ ಆಯಿಲ್ ಕಾಯೋದು ತೀರಾ ನಿಧಾನ, ಅಷ್ಟು ಹೊತ್ತೂ ಪೆಟ್ರೋಲ್ ಮಾತ್ರ ಇಳೀತಾ ಇರುತ್ತೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ.

ಈಗ ನನ್ನ ದೊಡ್ಡ ಅನುಮಾನಕ್ಕೆ ಬರ್ತೀನಿ. ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ನಮ್ಮ ಕಡೆ ಒಂದು ಹಳೇ ಕೆಟ್ಟ ಅಭ್ಯಾಸ ಇದೆ. ಬೇಸಿಗೆಯಲ್ಲಿ ಗಾಡಿ ಸ್ವಲ್ಪ ಬಿಸಿಯಾದರೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಕಿಬಿಡ್ತಾರೆ. ‘ನಮ್ಮ ಊರಿಗೆ ಇದು ಬೇಕಾಗಿಲ್ಲ, ಫಾರಿನ್‌ಗೆ ಮಾಡಿದ್ದು’ ಅಂತ ಸಮಜಾಯಿಷಿ ಬೇರೆ. ಆ ವಾಲ್ವ್ ಇರೋದೇ ಇಂಜಿನ್ ಬೇಗ ಕಾಯಲಿ ಅಂತ. 80-90 ಡಿಗ್ರಿ ಬರೋವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಹೋಗೋಕೆ ಬಿಡೋದಿಲ್ಲ. ಕಿತ್ತರೆ, ಅಥವಾ ತೆರೆದುಕೊಂಡೇ ಸಿಕ್ಕಿಹಾಕಿಕೊಂಡರೆ, ಇಂಜಿನ್ ಚಳಿಗಾಲ ಪೂರ್ತಿ ಅರೆಬೆಂದೇ ಓಡುತ್ತೆ. ಆಯಿಲ್‌ನಲ್ಲಿ ನೀರೂ ನಿಲ್ಲುತ್ತೆ, ಉರಿಯದ ಪೆಟ್ರೋಲೂ ನಿಲ್ಲುತ್ತೆ, ಮೈಲೇಜೂ ಹೋಗುತ್ತೆ.

ಪತ್ತೆ ಮಾಡೋದು ಸುಲಭ. ಬೆಳಿಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿಸಿ, ರೇಡಿಯೇಟರ್‌ನ ಮೇಲಿನ ದಪ್ಪ ರಬ್ಬರ್ ಹೋಸ್ ಮೇಲೆ ಕೈ ಇಡಿ. ಸೆರಗು, ದುಪ್ಪಟ್ಟಾ, ಜಡೆ ಹಿಂದಕ್ಕೆ ಕಟ್ಟಿಕೊಳ್ಳಿ, ಫ್ಯಾನ್ ಹೇಳದೇ ಕೇಳದೇ ತಿರುಗುತ್ತೆ. ವಾಲ್ವ್ ಸರಿ ಇದ್ದರೆ ಸಾಮಾನ್ಯವಾಗಿ ಆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾಗುತ್ತೆ. ಶುರುವಿನಿಂದಲೇ ಉಗುರುಬೆಚ್ಚಗೆ ನಿಧಾನಕ್ಕೆ ಏರ್ತಾ ಹೋದರೆ ವಾಲ್ವ್ ಇಲ್ಲ, ಅಥವಾ ಇದ್ದೂ ಇಲ್ಲದ ಹಾಗೆ. ಗಾಡಿಯಲ್ಲಿ ಹೀಟರ್ ಇದ್ದರೆ ಅದೂ ಸಾಕ್ಷಿ. ಹತ್ತು ನಿಮಿಷ ಓಡಿದ ಮೇಲೂ ಗಾಳಿ ಬಿಸಿ ಬರದಿದ್ದರೆ ಇದನ್ನೇ ಮೊದಲು ನೋಡಿಸಿ. ವಾಲ್ವ್ ಹಾಕೋ ಖರ್ಚನ್ನು ಹೆಡ್ ಬಿಚ್ಚೋ ಖರ್ಚಿನ ಪಕ್ಕ ಇಡೋಕೂ ಆಗಲ್ಲ. ಆ ನೆಪದಲ್ಲಿ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯಾ ಅಂತಲೂ ನೋಡಲಿ. ಆವಿ ಹೊರಗೆ ಹೋಗೋ ಬಾಗಿಲು ಅದು.

ಇಷ್ಟೆಲ್ಲ ನೋಡಿದ ಮೇಲೂ ಕೂಲೆಂಟ್ ಇಳೀತಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಆದರೆ ಹೆಡ್ ಬಿಚ್ಚೋ ಮುಂಚೆ ಎರಡು ಟೆಸ್ಟ್ ಮಾಡಿಸಿ. ಒಂದು, ಕೂಲಿಂಗ್ ಸಿಸ್ಟಂಗೆ ಕೈಪಂಪಿನಿಂದ ಪ್ರೆಶರ್ ಕೊಟ್ಟು, ಕಾಲು ಗಂಟೆ ಪ್ರೆಶರ್ ಮೀಟರಿನ ಮುಳ್ಳು ಇಳಿಯುತ್ತಾ ನೋಡೋದು. ಇನ್ನೊಂದು, ಕೂಲೆಂಟ್ ಮೇಲಿನ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆಯೋದು. ಸಿಲಿಂಡರ್ ಹೊಗೆ ಕೂಲೆಂಟ್‌ಗೆ ನುಗ್ಗಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಆ ನೀಲಿ ಹಳದಿಗೆ ತಿರುಗುತ್ತೆ. ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಬೇರೆ ಗುರುತೂ ಸಿಗುತ್ತೆ. ಇಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಬೆಳಿಗ್ಗೆ ಒಂದು ಸಿಲಿಂಡರ್ ಸರಿಯಾಗಿ ಹತ್ತದೇ ಇರೋದು (ಮಿಸ್ಸಿಂಗ್), ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಕಲ್ಲಿನಂತಾಗೋ ಹೋಸ್, ಉಳಿದ ಸ್ಪಾರ್ಕ್ ಪ್ಲಗ್ ಕಂದು ಇದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿರೋದು. ಇದರಲ್ಲಿ ಒಂದೂ ಇಲ್ಲದೆ ಬರೀ ಕ್ಯಾಪ್ ನೋಡಿ 35,000 ಅಂದರೆ ನಾನಾದರೆ ಕೊಡೋದಿಲ್ಲ. ಒಂದು ಮಾತು ನೆನಪಿರಲಿ: ಗ್ಯಾಸ್ಕೆಟ್ ಹೋದರೂ ಕೆಲವು ಸಲ ಕೂಲೆಂಟ್ ಆಯಿಲ್‌ಗೆ ಬರದೆ ಸಿಲಿಂಡರ್‌ಗೆ ಹೋಗಿ ಹೊಗೆಯಾಗುತ್ತೆ. ಆಯಿಲ್ ಸ್ವಚ್ಛ ಇದೆ ಅಂತ ಕೂಲೆಂಟ್ ಇಳಿಯೋದನ್ನು ಮರೆಯಬೇಡಿ. ಇಳಿದಾಗ ಬೋರ್‌ವೆಲ್ ನೀರು ಸುರಿಯೋದೂ ಬೇಡ. ನಮ್ಮ ಗಡಸು ನೀರಿಗೆ ಒಳಗೆಲ್ಲ ಬಿಳಿ ಉಪ್ಪು ಕಟ್ಟುತ್ತೆ.

ಅಣ್ಣನ ಡೂಪ್ಲಿಕೇಟ್ ಆಯಿಲ್ ವಾದಕ್ಕೆ ಜಾಸ್ತಿ ಹೊತ್ತು ಬೇಡ. ಕಳಪೆ ಆಯಿಲ್ ಬೇಗ ಕೆಡುತ್ತೆ, ಮಡ್ಡಿ ಕಟ್ಟುತ್ತೆ. ಆದರೆ ಡಿಸೆಂಬರ್‌ಗೆ ಸರಿಯಾಗಿ ಹಳದಿ ಬೆಣ್ಣೆ ಹಾಕೋದಿಲ್ಲ. ಆಯಿಲ್ ಬದಲಾಯಿಸಿದ ಮೇಲೆ ಖಾಲಿ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿ ಬಿಸಾಕಿ ಅಂತ ಅಣ್ಣನಿಗೆ ಹೇಳಿ, ಆ ಡಬ್ಬಿಗೆ ಮತ್ತೆ ಯಾರೂ ನಕಲಿ ತುಂಬೋಕಾಗಲ್ಲ.

ಎಲ್ಲ ಸರಿ ಇದ್ದರೆ ಗಾಡಿ ಓಡಿಸಿ, ತೊಂದರೆ ಇಲ್ಲ. ವಾರಕ್ಕೊಂದು ಸಲ ಅರ್ಧ ಗಂಟೆಯ ದಾರಿ ಹೋಗಿಬನ್ನಿ. ಆಯಿಲನ್ನು 10,000 ಕಿಲೋಮೀಟರ್ ಆಗಲಿ ಅಂತ ಕಾಯಬೇಡಿ. ನಿಮ್ಮ ಶಾಲೆಯ ಓಟಕ್ಕೆ ವರ್ಷಕ್ಕೆ ಎರಡೂವರೆ ಸಾವಿರವೂ ಆಗಲ್ಲ, ಅಷ್ಟರಲ್ಲಿ ನೀರು, ಪೆಟ್ರೋಲ್ ಸೇರಿ ಆಯಿಲ್ ಸೋತಿರುತ್ತೆ. ಆರು ತಿಂಗಳಿಗೊಮ್ಮೆ ಬದಲಾಯಿಸಿ. ಒಂದು ಸಲ ಚಳಿ ಮುಗಿದು ಫೆಬ್ರವರಿ ಕೊನೆಗೆ, ಇನ್ನೊಂದು ಸಲ ಆಗಸ್ಟ್‌ಗೆ. ಕಾರಿನ ಪುಸ್ತಕದಲ್ಲಿ ಹೇಳಿರೋ ಗ್ರೇಡ್ ಮಾತ್ರ ಹಾಕಿಸಿ. ‘ಹಳೇ ಇಂಜಿನ್, ದಪ್ಪ ಆಯಿಲ್ ಹಾಕೋಣ’ ಅಂದರೆ ಒಪ್ಪಬೇಡಿ, ಚಳಿಯಲ್ಲಿ ದಪ್ಪ ಆಯಿಲ್ ಮೇಲೆ ಹತ್ತೋದು ತಡ. ಡೀಸೆಲ್ ಹಾಕಿ ಒಳಗೆಲ್ಲ ತೊಳೆದುಕೊಡ್ತೀನಿ ಅಂದರೂ ಬೇಡ ಅನ್ನಿ. ಬಸಿದ ಮೇಲೂ ಒಂದಿಷ್ಟು ಡೀಸೆಲ್ ಒಳಗೇ ಉಳಿದು ಹೊಸ ಆಯಿಲ್‌ಗೆ ಸೇರುತ್ತೆ. ಬಿಸಿ ಇದ್ದಾಗ ಡ್ರೈನ್ ಬೋಲ್ಟ್ ಬಿಚ್ಚಿ, ಪೂರ್ತಿ ಇಳಿಯೋಕೆ ಹತ್ತು ನಿಮಿಷ ಬಿಟ್ಟು, ಫಿಲ್ಟರ್ ಬದಲಾಯಿಸಿದರೆ ಸಾಕು.

ಮಾರ್ಕರ್ ಗೆರೆ ಇವತ್ತೇ ಹಾಕಿ. ಹತ್ತು ದಿನ ಬಿಟ್ಟು ಡಬ್ಬಿಯ ಮಟ್ಟ ಎಷ್ಟಿದೆ, ಡಿಪ್‌ಸ್ಟಿಕ್ ತುದಿ ಯಾವ ಬಣ್ಣ, ಮೇಲಿನ ಹೋಸ್ ಎಷ್ಟು ನಿಮಿಷಕ್ಕೆ ಬಿಸಿಯಾಯಿತು, ಈ ಮೂರು ಬರೆದು ಕಳಿಸಿ. ಹೋಸ್ ಶುರುವಿನಿಂದಲೇ ಬೆಚ್ಚಗಾದರೆ ಹತ್ತು ದಿನ ಕಾಯೋದೂ ಬೇಡ, ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿಸಿ. ಒಳಗೆ ವಾಲ್ವ್ ಇದೆಯಾ, ಬರೀ ಖಾಲಿ ಜಾಗ ಇದೆಯಾ ಅಂತ ನಿಮ್ಮ ಕಣ್ಣಾರೆ ನೋಡಿ.